ಸಿಗಡಿಗೆ ಮಸಾಲೆ ಹಚ್ಚುವಾಗ ಹುಳಿಗೆ ಕೊನೆಯ ಸರದಿ

ಪ್ರಶ್ನೆ: ನಮ್ಮ ಮನೆ ಕುಂಬಳೆಯ ಹತ್ತಿರ. ಕಳೆದ ಭಾನುವಾರ ಬೀಗರು ಊಟಕ್ಕೆ ಬರುವವರಿದ್ದುದರಿಂದ ಒಂದು ಕಿಲೋ ಸಿಗಡಿ ತರಿಸಿ, ಸುಲಿದು, ಹಿಂದಿನ ರಾತ್ರಿಯೇ ಮೆಣಸಿನ ಪುಡಿ, ಶುಂಠಿ-ಬೆಳ್ಳುಳ್ಳಿ ಅರಪ್ಪು, ಉಪ್ಪು ಮತ್ತು ಮೂರು ಲಿಂಬೆಯ ರಸ ಹಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡುವಾಗ ಸಿಗಡಿ ಬೆಳ್ಳಗಾಗಿ, ಪಾತ್ರೆಯಲ್ಲಿ ನೀರು ನಿಂತಿತ್ತು. ಕಾವಲಿಗೆ ಹಾಕಿದಾಗ ಮಸಾಲೆಯೆಲ್ಲ ಕಳಚಿ ತಳ ಹಿಡಿಯಿತು. ತಿಂದರೆ ಹೊರಗೆ ರಬ್ಬರು, ಒಳಗೆ ಹಿಟ್ಟು. ಕೋಳಿಗೆ ಇದೇ ಕ್ರಮದಲ್ಲಿ ಮಾಡಿದರೆ ಚೆನ್ನಾಗಿಯೇ ಬರುತ್ತದೆ. ನಾನು ತಪ್ಪಿದ್ದೆಲ್ಲಿ?

ಉತ್ತರ: ಕೋಳಿಯ ಲೆಕ್ಕವನ್ನು ಸಿಗಡಿಗೂ ಹಾಕಿದಿರಿ, ಅಷ್ಟೇ. ಕೋಳಿಯ ತುಂಡು ದಪ್ಪ. ಅದರ ಮಾಂಸದ ಎಳೆಗಳು ಉದ್ದವಾಗಿದ್ದು, ಅವುಗಳನ್ನು ಕಟ್ಟಿಹಿಡಿದಿರುವ ಪೊರೆಯೂ ಗಟ್ಟಿಯಾಗಿರುತ್ತದೆ. ರಾತ್ರಿಯಿಡೀ ಹುಳಿಯಲ್ಲಿಟ್ಟರೂ ಆ ಹುಳಿ ಮೇಲಿನ ಕೆಲವು ಮಿಲಿಮೀಟರಿನಷ್ಟು ಆಳಕ್ಕೆ ಇಳಿಯುವುದೇ ಹೆಚ್ಚು, ಒಳಗಿನ ಮಾಂಸ ತನ್ನ ಪಾಡಿಗೆ ತಾನು ಉಳಿದಿರುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಮಧ್ಯಮ ಗಾತ್ರದ ಸಿಗಡಿಯನ್ನು ಸುಲಿದರೆ ಅದರ ಒಟ್ಟು ದಪ್ಪವೇ ಒಂದು ಸೆಂಟಿಮೀಟರಿನ ಆಸುಪಾಸು. ಎರಡೂ ಬದಿಯಿಂದ ಹುಳಿ ಒಳಹೊಕ್ಕರೆ ನಡುವಿಗೆ ಮುಟ್ಟಲು ರಾತ್ರಿಯೇನೂ ಬೇಕಾಗುವುದಿಲ್ಲ.

ಹುಳಿ ತಗಲಿದಾಗ ಆಗುವುದು ಒಂದು ಬಗೆಯ ಬೇಯುವಿಕೆಯೇ. ಬೆಂಕಿಯ ಶಾಖಕ್ಕೆ ಮಾಂಸದ ಪ್ರೋಟೀನುಗಳು ಹೇಗೆ ತಮ್ಮ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆಯೋ ಲಿಂಬೆಯ ಸಿಟ್ರಿಕ್ ಆಮ್ಲಕ್ಕೂ ಬಹುಮಟ್ಟಿಗೆ ಹಾಗೆಯೇ ಆಗುತ್ತವೆ. ಪಾರದರ್ಶಕದಂತಿದ್ದ ಸಿಗಡಿ ಬೆಳ್ಳಗಾದದ್ದು ಅದರಿಂದ, ಪಾತ್ರೆಯಲ್ಲಿ ನೀರು ನಿಂತದ್ದೂ ಅದರಿಂದ: ಹೆಣೆದು ಬಿಗಿಯಾದ ಪ್ರೋಟೀನು ತಾನು ಹಿಡಿದಿಟ್ಟುಕೊಂಡಿದ್ದ ನೀರನ್ನು ಹಿಂಡಿ ಹೊರಹಾಕುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದವರು ಹಸಿ ಮೀನನ್ನು ಲಿಂಬೆಯ ರಸದಲ್ಲಿಟ್ಟು ಮಾಡುವ ಸೆವಿಚೆ ಎಂಬ ತಿನಿಸು ನಿಂತಿರುವುದು ಈ ಗುಣದ ಮೇಲೆಯೇ. ಆದರೆ ಅವರು ಅದನ್ನು ಮತ್ತೆ ಒಲೆಗೆ ಏರಿಸುವುದಿಲ್ಲ. ನೀವು ಹುಳಿಯಲ್ಲಿ ಒಮ್ಮೆ ಬೆಂದದ್ದನ್ನು ಕಾವಲಿಯಲ್ಲಿ ಎರಡನೆಯ ಸಲ ಬೇಯಿಸಿದಿರಿ, ರಬ್ಬರಾಗದೆ ಬೇರೇನಾಗಬೇಕು? (ಹುಳಿಯಲ್ಲಿ ಬಿಳಿಯಾದ ಸಿಗಡಿಯನ್ನು ಬೆಂದದ್ದೆಂದು ಭಾವಿಸಿ ಹಾಗೆಯೇ ತಿನ್ನಬಾರದು. ಶಾಖ ಕೊಲ್ಲುವಷ್ಟು ಖಚಿತವಾಗಿ ಹುಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ.)

ಒಳಗೆ ಹಿಟ್ಟಾದುದಕ್ಕೆ ಹುಳಿಯೊಂದೇ ಹೊಣೆಯಲ್ಲ, ಶುಂಠಿಯ ಪಾಲೂ ಇದೆ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಜಿಂಜಿಬೇನ್ ಎಂಬ ಕಿಣ್ವವಿದೆ. ಪಪ್ಪಾಯಿ ಕಾಯಿಯ ಪಪೈನ್, ಅನಾನಸಿನ ಬ್ರೊಮೆಲೈನ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಗಟ್ಟಿಯಾದ ಆಡಿನ ಮಾಂಸಕ್ಕೆ ಇದು ವರ, ಮೆತ್ತಗಿನ ಸಿಗಡಿಗೆ ಮಾತ್ರ ಕೇಡು. ಅರ್ಧ ಗಂಟೆ ಹಚ್ಚಿಟ್ಟರೆ ತೊಂದರೆ ಕಾಣಿಸದು, ಹತ್ತು ಗಂಟೆ ಇಟ್ಟರೆ ಕಾಣಿಸದೆ ಇರದು. ಸಿಗಡಿಯ ತಲೆಯಲ್ಲಿಯೂ ಇಂಥದೇ ಕೆಲಸದ ಜೀರ್ಣಕಿಣ್ವಗಳಿರುತ್ತವೆ. ತಂದ ಸಿಗಡಿಯನ್ನು ತಲೆಯೊಂದಿಗೆ ಬಹಳ ಹೊತ್ತು ಇಟ್ಟರೆ ಕುತ್ತಿಗೆಯ ಕಡೆಯಿಂದ ಮಾಂಸ ಕರಗತೊಡಗುವುದು ಅವುಗಳಿಂದ. ಆದುದರಿಂದ ಮನೆಗೆ ತಂದೊಡನೆ ಮೊದಲು ತಲೆ ತೆಗೆಯಬೇಕು. ಬೇರೆ ಕೆಲಸವೆಲ್ಲ ಅನಂತರ.

ಹಾಗಾದರೆ ಸಿಗಡಿಯ ಒಳಗಿನವರೆಗೆ ರುಚಿ ಇಳಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒಳಕ್ಕೆ ನಿಜವಾಗಿ ಇಳಿಯುವುದು ಉಪ್ಪು. ಮೆಣಸಿನ ಖಾರ ಮತ್ತು ಬಣ್ಣ, ಅರಸಿನದ ಹಳದಿ, ಕೊತ್ತಂಬರಿ-ಜೀರಿಗೆಯ ಪರಿಮಳ ಇವೆಲ್ಲ ಹೆಚ್ಚಾಗಿ ಎಣ್ಣೆಯಲ್ಲಿ ಕರಗುವಂಥವು. ಸಿಗಡಿಯ ಮಾಂಸವೋ ಮುಕ್ಕಾಲುಪಾಲು ನೀರು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ನೀವು ಇಡೀ ರಾತ್ರಿ ಕಾದರೂ ಖಾರ ಒಳಗಿಳಿಯುವುದಿಲ್ಲ, ಇಳಿಯಬೇಕಾದ ಅಗತ್ಯವೂ ಇಲ್ಲ. ಸಿಗಡಿಗೆ ತನ್ನದೇ ಆದ ಸಿಹಿ ಇದೆ. ಗ್ಲೈಸಿನ್ ಮೊದಲಾದ ಅಮೈನೋ ಆಮ್ಲಗಳು ಅದರ ಮಾಂಸದಲ್ಲಿ ಬಿಡಿಯಾಗಿಯೇ ಇರುವುದರಿಂದ ಬರುವ ಸಿಹಿ ಅದು. ಹೊರಗೆ ತೆಳುವಾದ, ಖಾರವಾದ, ಗರಿಗರಿಯಾದ ಕವಚ, ಒಳಗೆ ಉಪ್ಪು ಹಿಡಿದ ಸಿಹಿ ಮಾಂಸ: ಮನೆಯ ಸಿಗಡಿ ತವಾ ಫ್ರೈಗೆ ಇದಕ್ಕಿಂತ ಹೆಚ್ಚಿನ ಗುರಿ ಬೇಡವೆಂಬುದು ನನ್ನ ಅಭಿಪ್ರಾಯ. ಆ ಗುರಿಗೆ ಬೇಕಾಗುವುದು ಹೆಚ್ಚು ಹೊತ್ತಲ್ಲ, ಸರಿಯಾದ ಕ್ರಮ: ಮೊದಲು ಉಪ್ಪು, ಆಮೇಲೆ ಎಣ್ಣೆಯಲ್ಲಿ ಕಲಸಿದ ಮಸಾಲೆ, ಎಲ್ಲಕ್ಕಿಂತ ಕೊನೆಗೆ ಹುಳಿ.

ಇನ್ನು ಸಿಗಡಿಯ ಆಯ್ಕೆ. ನಮ್ಮ ಕಾಸರಗೋಡಿನ ಮೀನು ಮಾರುಕಟ್ಟೆಯಲ್ಲಿ ಒಂದೇ ಬುಟ್ಟಿಯ ಮುಂದೆ ನಿಂತವರಲ್ಲಿ ಒಬ್ಬರು ಎಟ್ಟಿ ಎನ್ನುತ್ತಾರೆ, ಇನ್ನೊಬ್ಬರು ಚೆಮ್ಮೀನ್ ಎನ್ನುತ್ತಾರೆ, ಮತ್ತೊಬ್ಬರು ಸುಂಗಟ ಎನ್ನುತ್ತಾರೆ. ಮಾರುವಾಕೆ ಎಲ್ಲರಿಗೂ ಅವರವರ ಭಾಷೆಯಲ್ಲೇ ಉತ್ತರಿಸುತ್ತಾಳೆ. ಮಲಯಾಳದಲ್ಲಿ ನಾರನ್ ಎಂದು ಕರೆಯುವ ಬಿಳಿ ಸಿಗಡಿ ಸಿಕ್ಕರೆ ಹುರಿಯುವುದಕ್ಕೆ ಅದನ್ನೇ ಕೊಳ್ಳಿ. ಪೂವಾಲನ್, ಕರಿಕ್ಕಾಡಿ ಎಂಬ ಸಣ್ಣ ಜಾತಿಗಳು ಸುಕ್ಕಾಕ್ಕೂ ಗಸಿಗೂ ಒಳ್ಳೆಯವು. ಕಾವಲಿಯ ಮೇಲೆ ಮಸಾಲೆ ಬೇಯುವ ಮೊದಲೇ ಅವು ಬೆಂದು ಮುದುಡಿಬಿಡುತ್ತವೆ. ಕೇರಳದಲ್ಲಿ ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಆ ದಿನಗಳಲ್ಲಿ ಅಳಿವೆಯ ಸಿಗಡಿಯೋ, ಸಣ್ಣ ದೋಣಿಯವರು ತಂದದ್ದೋ, ಇಲ್ಲವೇ ಕೆರೆಗಳಲ್ಲಿ ಸಾಕಿದ ವನಾಮಿಯೋ ಸಿಗುತ್ತದೆ. ವನಾಮಿ ನಮ್ಮ ಕಡಲಿನದಲ್ಲ. ಅಮೆರಿಕ ಖಂಡದ ಪೆಸಿಫಿಕ್ ತೀರದ ಆ ಜಾತಿಯ ವಾಣಿಜ್ಯ ಸಾಕಣೆಗೆ ಭಾರತದಲ್ಲಿ ಅನುಮತಿ ದೊರೆತದ್ದು 2009ರಲ್ಲಿ. ಅದರ ರುಚಿ ಕಡಲ ಸಿಗಡಿಗಿಂತ ಸಪ್ಪೆಯೆಂದು ಹಿರಿಯರು ಮುಖ ಸಿಂಡರಿಸುವುದುಂಟು. ಅದು ಪೂರ್ತಿ ಸುಳ್ಳಲ್ಲ, ಆದರೆ ಮಸಾಲೆ ಹಚ್ಚಿ ಹುರಿಯುವಾಗ ಆ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ.

ಚಿಪ್ಪು ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು, ತಲೆ ಕಳಚಿ ನೇತಾಡಬಾರದು, ಅಮೋನಿಯದ ಘಾಟು ಮೂಗಿಗೆ ತಾಗಲೇಬಾರದು. ಚಿಪ್ಪಿನ ಮೇಲೆ ಕಪ್ಪು ಕಲೆ ಕಂಡರೆ ಅದು ಕೊಳೆತದ್ದೆಂದು ಅರ್ಥವಲ್ಲ: ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವಂಥದೇ ಕ್ರಿಯೆ ಅದು. ಆದರೂ ಹಿಡಿದು ಹೊತ್ತಾಗಿದೆ ಎಂಬುದಕ್ಕೆ ಅದು ಗುರುತು. ಹೆಪ್ಪುಗಟ್ಟಿಸಿದ ಪೊಟ್ಟಣ ತಂದರೆ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ, ಬಿಸಿನೀರಿಗೆ ಹಾಕಬೇಡಿ. ಪೊಟ್ಟಣದ ಮೇಲೆ ಫಾಸ್ಫೇಟ್ ಸೇರಿಸಿದೆಯೆಂದು ಬರೆದಿದ್ದರೆ ಆ ಸಿಗಡಿ ನೀರು ಹೀರಿಕೊಂಡಿರುತ್ತದೆ, ಕಾವಲಿಯಲ್ಲಿ ಆ ನೀರನ್ನು ಬಿಟ್ಟು ಹುರಿಯುವ ಬದಲು ಬೇಯುತ್ತದೆ. ಅಂಥದನ್ನು ಹುರಿಯಲು ಬಳಸದಿರುವುದೇ ಲೇಸು.

ತಲೆ, ಚಿಪ್ಪು ತೆಗೆದು, ಬೆನ್ನನ್ನು ಸೀಳಿ ಕಪ್ಪು ನರ ತೆಗೆಯಿರಿ. ಹೆಸರಿಗೆ ಅದು ನರ, ವಾಸ್ತವದಲ್ಲಿ ಕರುಳು; ಒಮ್ಮೊಮ್ಮೆ ಅದರಲ್ಲಿ ಮರಳಿದ್ದು ಹಲ್ಲಿಗೆ ಸಿಗುತ್ತದೆ. ಒಂದು ಕಿಲೋ ಇಡೀ ಸಿಗಡಿಯಿಂದ ಸುಮಾರು ಅರ್ಧ ಕಿಲೋ ಮಾಂಸ ಸಿಗುತ್ತದೆ, ನಾನು ಮುಂದೆ ಹೇಳುವ ಅಳತೆಗಳೆಲ್ಲ ಆ ಅರ್ಧ ಕಿಲೋಗೆ. ತಣ್ಣೀರಿನಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ ತೊಳೆದರೆ ಸಾಕು. ನಮ್ಮ ಕೆಲವು ಮನೆಗಳಲ್ಲಿ ವಾಸನೆ ಹೋಗಲೆಂದು ಏಳೆಂಟು ನೀರು ಬದಲಿಸಿ, ನಡುವೆ ಅರ್ಧ ಗಂಟೆ ನೀರಿನಲ್ಲೇ ಬಿಡುವ ಅಭ್ಯಾಸವಿದೆ. ಮೊದಲು ಹೇಳಿದ ಆ ಸಿಹಿಯ ಅಂಶಗಳು ನೀರಿನಲ್ಲಿ ಕರಗುವಂಥವು. ವಾಸನೆಯ ಜೊತೆಗೆ ರುಚಿಯೂ ಬಚ್ಚಲಿಗೆ ಹೋಗುತ್ತದೆ.

ತೊಳೆದ ಸಿಗಡಿಗೆ ಒಂದು ಟೀ ಚಮಚ, ಎಂದರೆ 5ರಿಂದ 6 ಗ್ರಾಂ ಪುಡಿ ಉಪ್ಪು ಹಾಕಿ ಕೈಯಾಡಿಸಿ, ಜರಡಿಯಲ್ಲಿಟ್ಟು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಸಿಗಡಿಗೆ ಬೇಕಾದ ಉಪ್ಪು ಬಹುಮಟ್ಟಿಗೆ ಇಷ್ಟೇ, ಮಸಾಲೆಗೆ ಮತ್ತೆ ಚಿಟಿಕೆ ಸಾಕು. ಆಮೇಲೆ ಶುದ್ಧ ಬಟ್ಟೆಯಲ್ಲಿ ಒತ್ತಿ ನೀರನ್ನು ಚೆನ್ನಾಗಿ ತೆಗೆಯಬೇಕು. ಈ ಒಂದು ಕೆಲಸವನ್ನು ಬಿಟ್ಟವರು ಬೇರೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಮಸಾಲೆ ಜಾರುತ್ತದೆ. ನಿಮ್ಮ ಕಾವಲಿಯ ತಳ ಹಿಡಿದದ್ದಕ್ಕೆ ಅರ್ಧ ಕಾರಣ ಒದ್ದೆ ಸಿಗಡಿಯೇ. ಚೀನೀ ಅಡುಗೆಯವರು ಈ ಹಂತದಲ್ಲಿ ಕಾಲು ಚಮಚ ಅಡುಗೆ ಸೋಡಾವನ್ನೂ ಬೆರೆಸುತ್ತಾರೆ. ಕ್ಷಾರಕ್ಕೆ ಮಾಂಸ ನೀರನ್ನು ಹೆಚ್ಚು ಹಿಡಿದಿಟ್ಟುಕೊಂಡು, ಬೆಂದ ಮೇಲೆ ಕಚ್ಚಿದರೆ ಪುಟಿಯುವಂತಾಗುತ್ತದೆ. ಬೇಕಿದ್ದರೆ ನೀವೂ ಮಾಡಿ ನೋಡಬಹುದು, ಆದರೆ ಹದಿನೈದು ನಿಮಿಷದ ಬಳಿಕ ತೊಳೆದು ಒರಸದೆ ಮಸಾಲೆ ಹಚ್ಚಬೇಡಿ. ಸೋಡಾ ಉಳಿದಿದ್ದರೆ ಅರಸಿನ ಕುಂಕುಮದ ಹಾಗೆ ಕೆಂಪಾಗುತ್ತದೆ, ಬಾಯಿಗೆ ಸಾಬೂನಿನ ರುಚಿ ಬರುತ್ತದೆ.

ಮಸಾಲೆಗೆ ಹತ್ತು ಬ್ಯಾಡಗಿ ಮೆಣಸು, ಎಂಟು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಒಳ್ಳೆಮೆಣಸು, ಕಾಲು ಚಮಚ ಜೀರಿಗೆ, ಕಾಲು ಚಮಚ ಅರಸಿನ. ನಾಲ್ಕೈದು ಕಾಳು ಮೆಂತೆ ಸೇರಿಸುವವರಿದ್ದಾರೆ, ಬಡೇಸೋಪು ಸೇರಿಸುವವರೂ ಇದ್ದಾರೆ. ಬಡೇಸೋಪಿನ ಪರಿಮಳ ನಮ್ಮ ಜಿಲ್ಲೆಯ ತೆಂಕಣ ಭಾಗದ ಮನೆಗಳಲ್ಲಿ ಹೆಚ್ಚು, ನನಗೆ ಸಿಗಡಿಯೊಂದಿಗೆ ಅದು ಹಿಡಿಸುತ್ತದೆ. ಬ್ಯಾಡಗಿಯನ್ನೇ ಹೇಳುವುದಕ್ಕೆ ಕಾರಣವಿದೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹತ್ತು ಮೆಣಸು ಹಾಕಿದಾಗ ಅರಪ್ಪು ದಪ್ಪವಾಗಿ ಸಿಗಡಿಯನ್ನು ಹಿಡಿದುಕೊಳ್ಳುತ್ತದೆ. ಖಾರದ ಮೆಣಸಾದರೆ ನಾಲ್ಕಕ್ಕೆ ನಿಲ್ಲಿಸಬೇಕಾಗುತ್ತದೆ, ಆಗ ಹಚ್ಚುವುದಕ್ಕೆ ಅರಪ್ಪೇ ಇರುವುದಿಲ್ಲ. ಖಾರ ಸಾಲದೆಂದು ಕಂಡರೆ ಹಿತ್ತಿಲಿನ ಗಾಂಧಾರಿ ಮೆಣಸನ್ನು ಎರಡು ಸೇರಿಸಿಕೊಳ್ಳಿ.

ಮೆಣಸನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ನೀರನ್ನು ಪೂರ್ತಿ ಬಸಿದು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸನ್ನು ಹದ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಹುರಿದು, ಎಲ್ಲವನ್ನೂ ಆದಷ್ಟು ಕಡಿಮೆ ನೀರಿನಲ್ಲಿ ಅರೆಯಿರಿ. ಮಿಕ್ಸಿಯ ತೊಂದರೆ ಇಲ್ಲಿಯೇ: ಅದು ತಿರುಗಬೇಕಾದರೆ ನೀರು ಕೇಳುತ್ತದೆ, ನೀರು ಹೆಚ್ಚಾದ ಅರಪ್ಪು ಸಿಗಡಿಗೆ ಹಿಡಿಯುವುದಿಲ್ಲ. ಅರೆಯುವ ಕಲ್ಲು ಇರುವ ಮನೆಯವರು ಅದೃಷ್ಟವಂತರು. ಇಲ್ಲದವರು ಸಣ್ಣ ಜಾರಿನಲ್ಲಿ ನೀರಿನ ಬದಲು ಎರಡು ಚಮಚ ತೆಂಗಿನೆಣ್ಣೆ ಹಾಕಿ ಅರೆಯಬಹುದು. ಹಾಗೆ ಮಾಡಿದರೆ ಲಾಭವೂ ಇದೆ, ಖಾರ ಮತ್ತು ಬಣ್ಣ ಎಣ್ಣೆಗಿಳಿದು ಸಿಗಡಿಯ ಮೈಮೇಲೆಲ್ಲ ಒಂದೇ ಸಮನೆ ಹರಡುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವಂಥದು. ಫ್ರಿಜ್ಜಿನಿಂದ ತೆಗೆದಾಗ ಮಸಾಲೆ ಮೇಣದ ಹಾಗೆ ಗಂಟುಗಂಟಾಗಿ ಕಂಡರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಹುಳಿ ಸೇರಿದ ಬೆಳ್ಳುಳ್ಳಿ ಅರಪ್ಪು ಕೆಲವೊಮ್ಮೆ ಹಸಿರು-ನೀಲಿ ಬಣ್ಣಕ್ಕೆ ತಿರುಗುವುದೂ ಉಂಟು, ಅದೂ ನಿರಪಾಯಕಾರಿ.

ಹುಳಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಸಂಕಟ ಮೊದಲಾದದ್ದು ಅಲ್ಲಿಂದ. ನಮ್ಮ ಕಡೆ ಹುಳಿಗೆ ಬರವಿಲ್ಲ. ಲಿಂಬೆಯ ರಸ ನೀರಿನಂತೆ ತೆಳು, ಅದರ ಹುಳಿ ತೀಕ್ಷ್ಣ. ಸಿಗಡಿಯ ಮೈಯನ್ನು ಅದು ಎಲ್ಲಕ್ಕಿಂತ ಬೇಗ ಬೇಯಿಸುತ್ತದೆ, ಅದರ ಪರಿಮಳವೋ ಕಾವಲಿಯ ಶಾಖಕ್ಕೆ ಹಾರಿಹೋಗುತ್ತದೆ. ಹೀಗಿರುವಾಗ ಅದನ್ನು ಮಸಾಲೆಯಲ್ಲಿ ಹಾಕುವುದಕ್ಕಿಂತ ಬಡಿಸುವಾಗ ಮೇಲೆ ಹಿಂಡುವುದು ಬುದ್ಧಿವಂತಿಕೆ. ವಿನೆಗರು ಕೂಡ ತೆಳುವೇ. ಬೆಳ್ಳುಳ್ಳಿ, ಒಳ್ಳೆಮೆಣಸಿನ ಜೊತೆ ಅದಕ್ಕೊಂದು ಸೊಗಸಿದ್ದರೂ ಒಂದು ಚಮಚ ಮೀರಬಾರದು. ಹುಣಸೆಯ ರಸ ಮಂದ. ಟಾರ್ಟರಿಕ್ ಆಮ್ಲದ ಜೊತೆಗೆ ಅದರಲ್ಲಿ ಸಿಹಿಯೂ ತಿರುಳೂ ಇರುವುದರಿಂದ ಅರಪ್ಪನ್ನು ಸಡಿಲ ಮಾಡದೆ ಗಟ್ಟಿ ಮಾಡುತ್ತದೆ, ಹುರಿದಾಗ ಚೆನ್ನಾಗಿ ಕೆಂಪೇರುತ್ತದೆ. ನೆಲ್ಲಿಕಾಯಿ ಗಾತ್ರದ ಹಳೆ ಹುಣಸೆಯನ್ನು ಮೂರು ಚಮಚ ಬಿಸಿನೀರಿನಲ್ಲಿ ಕಿವುಚಿ ದಪ್ಪ ರಸ ತೆಗೆದರೆ ಅರ್ಧ ಕಿಲೋಗೆ ಸರಿಯಾಗುತ್ತದೆ. ಒಣಗಿಸಿದ ಪುನರ್ಪುಳಿಯ ನಾಲ್ಕು ಸಿಪ್ಪೆಯನ್ನು ನೆನೆಸಿ ಮೆಣಸಿನೊಂದಿಗೇ ಅರೆದರೆ ಅದೂ ಒಳ್ಳೆಯದು. ಹುಳಿ ಮೆದುವಾಗಿ, ಬಾಯಲ್ಲಿ ನಿಧಾನವಾಗಿ ಬರುತ್ತದೆ. ಮಳೆಗಾಲದಲ್ಲಿ ಬಿಂಬುಳಿ ಮರದ ತುಂಬ ಇರುವಾಗ ಎರಡು ಕಾಯನ್ನು ಅರೆದು ಹಾಕುವವರಿದ್ದಾರೆ. ಅದರಲ್ಲಿ ನೀರು ಹೆಚ್ಚು, ಗಸಿಗೆ ಸರಿ, ಹುರಿಯಲು ನಾನು ಒಪ್ಪುವುದಿಲ್ಲ. ಮೊಸರನ್ನು ಕೋಳಿಗೇ ಬಿಡಿ. ಒಟ್ಟಿನಲ್ಲಿ ನನ್ನ ಮತ ಹುಣಸೆಗೆ, ಎರಡನೆಯದು ಪುನರ್ಪುಳಿಗೆ.

ನಿಮ್ಮ ಹಾಗೆಯೇ ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಮನೆಯ ಒಂದು ಸಮಾರಂಭಕ್ಕೆ ನಾಲ್ಕು ಕಿಲೋ ಸಿಗಡಿಗೆ ಹಿಂದಿನ ಸಂಜೆಯೇ ವಿನೆಗರು ಬೆರೆಸಿಟ್ಟು, ಮರುದಿನ ಅದನ್ನು ಪುಡಿಮಾಡಿ ಬಿರಿಯಾನಿಗೆ ಹಾಕಿ ಮಾನ ಉಳಿಸಿಕೊಳ್ಳಬೇಕಾಯಿತು. ಆ ಮೇಲೆ ನಾನು ಇಟ್ಟುಕೊಂಡಿರುವ ಕ್ರಮವಿದು: ಒರಸಿದ ಸಿಗಡಿಗೆ ಎಣ್ಣೆ ಸೇರಿದ ಅರಪ್ಪನ್ನು, ಹುಳಿಯಿಲ್ಲದೆ, ಹಚ್ಚಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಫ್ರಿಜ್ಜಿನಲ್ಲಿಡುವುದು, ಕಾವಲಿ ಒಲೆಗೇರಿಸುವ ಹದಿನೈದು ನಿಮಿಷ ಮೊದಲು ಹುಣಸೆಯ ರಸ ಬೆರೆಸುವುದು, ಕಾವಲಿ ಕಾದ ಮೇಲೆ ಒಂದು ಚಮಚ ಅಕ್ಕಿಹಿಟ್ಟು ಉದುರಿಸಿ ಒಮ್ಮೆ ಕೈಯಾಡಿಸಿ ಹುರಿಯಲು ತೊಡಗುವುದು. ಪುನರ್ಪುಳಿಯನ್ನು ಅರಪ್ಪಿನಲ್ಲೇ ಅರೆದಿದ್ದರೆ ಒಟ್ಟು ಹೊತ್ತನ್ನು ಅರ್ಧ ಗಂಟೆಗೆ ಇಳಿಸಬೇಕು. ಪಾತ್ರೆ ಅಲ್ಯೂಮಿನಿಯಮ್ಮಿನದಾಗಲಿ ಕಲಾಯಿ ಹೋದ ತಾಮ್ರದ್ದಾಗಲಿ ಬೇಡ, ಹುಳಿಗೆ ಅವು ಆಗುವುದಿಲ್ಲ. ಗಾಜು, ಪಿಂಗಾಣಿ, ಸ್ಟೀಲು ಯಾವುದೂ ಆಗಬಹುದು.

ಹುರಿಯುವಾಗ ಬೀಡಿನ ಕಾವಲಿ ಚೆನ್ನಾಗಿ ಕಾದಿರಲಿ, ಸಿಗಡಿಗಳು ಒಂದಕ್ಕೊಂದು ತಾಗದಷ್ಟು ಬಿಡಿಯಾಗಿರಲಿ. ಅರ್ಧ ಕಿಲೋವನ್ನು ಒಮ್ಮೆಗೇ ಸುರಿದರೆ ಕಾವಲಿ ತಣಿದು, ನೀರೊಡೆದು, ಮತ್ತೆ ಹಳೆಯ ಕಥೆಯೇ. ಎರಡು ಸಲ ಮಾಡಿ. ಒಂದು ಬದಿಗೆ ಎರಡು ನಿಮಿಷ, ಮಗುಚಿ ಹಾಕಿ ಒಂದೂವರೆ ನಿಮಿಷ, ಕೊನೆಯ ಅರ್ಧ ನಿಮಿಷಕ್ಕೆ ಒಂದು ಹಿಡಿ ಕರಿಬೇವು. ಸಿಗಡಿ ಬೆಂದಾಗ ಕೆಂಪಾಗುವುದು ಮೆಣಸಿನಿಂದ ಮಾತ್ರವಲ್ಲ: ಅಸ್ಟಾಜಾಂಥಿನ್ ಎಂಬ ಕೆಂಪು ಬಣ್ಣ ಹಸಿಯಾಗಿರುವಾಗ ಒಂದು ಪ್ರೋಟೀನಿಗೆ ಅಂಟಿಕೊಂಡು ಬೂದು-ನೀಲಿಯಾಗಿ ಕಾಣುತ್ತದೆ, ಶಾಖಕ್ಕೆ ಆ ಹಿಡಿತ ಬಿಟ್ಟಾಗ ತನ್ನ ನಿಜ ಬಣ್ಣಕ್ಕೆ ಬರುತ್ತದೆ. ಮಸಾಲೆಯ ಅಡಿಯಲ್ಲಿ ಈ ಬಣ್ಣ ಕಾಣದಿರುವುದರಿಂದ ನೀವು ಆಕಾರ ನೋಡಬೇಕು. ಸಡಿಲವಾಗಿ ಬಾಗಿದ್ದರೆ ಹದ, ತಲೆಯ ತುದಿಗೆ ಬಾಲ ತಾಗುವಂತೆ ಬಿಗಿಯಾಗಿ ಸುತ್ತಿಕೊಂಡರೆ ಮೀರಿತು. ಸಂಶಯವಿದ್ದರೆ ಎಲ್ಲಕ್ಕಿಂತ ದಪ್ಪದ ಒಂದನ್ನು ಮುರಿದು ನೋಡಿ, ನಡುವಿನವರೆಗೆ ಬೆಳ್ಳಗಾಗಿರಬೇಕು. ಪಾತ್ರೆಯಲ್ಲಿ ಉಳಿದ ಅರಪ್ಪು ಹಸಿ ಸಿಗಡಿಯನ್ನು ಮುಟ್ಟಿದ್ದಾದ್ದರಿಂದ ಅದನ್ನು ಕಾವಲಿಯಲ್ಲೇ ಚೆನ್ನಾಗಿ ಕುದಿಸದೆ ಮೇಲೆ ಸುರಿಯಬೇಡಿ.

ಬೀಗರು ಬರುವ ದಿನ ಅಡುಗೆಮನೆಯಲ್ಲಿ ಇಷ್ಟು ಪುರುಸೊತ್ತು ಇರುವುದಿಲ್ಲವೆಂಬುದು ನನಗೂ ಗೊತ್ತು. ಹಿಂದಿನ ದಿನವೇ ಅರಪ್ಪನ್ನು, ಹುಳಿಯಿಲ್ಲದೆ, ಅರೆದು ಬಾಟಲಿಯಲ್ಲಿಡಿ, ಸಿಗಡಿಯನ್ನು ಸುಲಿದು ಉಪ್ಪು ಹಾಕದೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನ ಅತ್ಯಂತ ತಣ್ಣಗಿನ ಭಾಗದಲ್ಲಿಡಿ. ಹಾಗೆ ಮಾಡಿದರೆ ಮರುದಿನ ಉಳಿಯುವುದು ಒಂದು ಗಂಟೆಯ ಕೆಲಸ, ಅದರಲ್ಲಿಯೂ ಮುಕ್ಕಾಲು ಪಾಲು ಸುಮ್ಮನೆ ಕಾಯುವುದು. ಬರುವವರಲ್ಲಿ ಯಾರಿಗಾದರೂ ಸಿಗಡಿ ಆಗುವುದಿಲ್ಲವೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಪ್ರೋಟೀನು ಬೇಯಿಸಿದರೆ ನಾಶವಾಗುವಂಥದಲ್ಲ, ಆದುದರಿಂದ ಅಂಥವರಿಗೆ ಅದೇ ಕಾವಲಿಯಲ್ಲಿ ಬೇರೆ ಮೀನನ್ನೂ ಹುರಿಯಬಾರದು.

ಸುಲಿದ ಚಿಪ್ಪು, ತಲೆಗಳನ್ನು ತೆಂಗಿನ ಬುಡಕ್ಕೆ ಹಾಕುವ ಮೊದಲು ಒಮ್ಮೆ ಯೋಚಿಸಿ. ಆ ಕೆಂಪು ಬಣ್ಣವೂ ಸಿಗಡಿಯ ಪರಿಮಳದ ಬಹುಪಾಲೂ ಎಣ್ಣೆಯಲ್ಲಿ ಕರಗುವಂಥವು. ಚಿಪ್ಪುಗಳನ್ನು ತೊಳೆದು, ನೀರಾರಿಸಿ, ನಾಲ್ಕು ಚಮಚ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹತ್ತು ನಿಮಿಷ ಬಾಡಿಸಿ, ಒತ್ತಿ ಸೋಸಿದರೆ ಕಿತ್ತಳೆ ಬಣ್ಣದ ಎಣ್ಣೆ ಬರುತ್ತದೆ. ತಣಿದ ಮೇಲೆ ಅರಪ್ಪು ಅರೆಯುವುದಕ್ಕೆ ಆ ಎಣ್ಣೆಯನ್ನೇ ಬಳಸಿ ನೋಡಿ. ವನಾಮಿಗೆ ರುಚಿಯಿಲ್ಲವೆಂದು ಮುಖ ಸಿಂಡರಿಸುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮೊದಲ ತಟ್ಟೆಯನ್ನು ಅವರಿಗೇ ಬಡಿಸಿ.